ವಲ್ಲಿಯ ಕೆಳಗೆ

"ಮೊಣಕಾಲು ಒತ್ತಿ ಹಿಡ್ಕೊಳ್ಳಪ್ಪ, ಇನ್ನೊಂಚೂರು. ಈಗ ಬುಟ್ರೆ ಮತ್ತೆ ಚಾಚ್ಕೊಂಡ್ಬುಡ್ತದೆ," ಅಂದರು ಅಯ್ಯನವರು.

ಗುರುಮಲ್ಲಪ್ಪ ಅಣ್ಣನ ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಲಿಂಗವಂತರು ಮಲಗಿ ಹೋಗುವಂತಿಲ್ಲ. ಚಕ್ಕಂಬಕ್ಕಲ ಹಾಕಿ ಕೂತೇ ಹೋಗಬೇಕು, ಕೂತೇ ಮಣ್ಣಿಗಿಳಿಯಬೇಕು. ಅಣ್ಣ ವೃಷಭೇಂದ್ರಪ್ಪ ಕೋಳಿ ಕೂಗುವ ಹೊತ್ತಿನಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಮಕ್ಕಳಿಲ್ಲದ ಮನೆ, ಹೆಂಡತಿ ಸರ್ವಮಂಗಳಮ್ಮ ಒಬ್ಬಳೇ. ಕೃಷ್ಣಮೂರ್ತಿಪುರದಿಂದ ಸುದ್ದಿ ಹೊತ್ತು ಯಾರೋ ಸಂತೇಪೇಟೆಗೆ ಓಡಿ, ಅಲ್ಲಿಂದ ಗುರುಮಲ್ಲಪ್ಪ ಜಟಕಾ ಹತ್ತಿ ಬರುವಷ್ಟರಲ್ಲಿ ಮೈ ಸೆಟೆಯತೊಡಗಿತ್ತು.

ಕೊನೆಗೊಮ್ಮೆ ಕಾಲು ಮಡಿಸಿಕೊಂಡವು. ಗೋಡೆಗೆ ಒರಗಿಸಿ, ಬಿಳಿ ಪಂಚೆಯಿಂದ ಎದೆ ಕಟ್ಟಿ, ಹಣೆಗೆ ವಿಭೂತಿ ಬಳಿದದ್ದಾಯಿತು. ಅಯ್ಯನವರು ಎಡಗೈಯನ್ನು ಬಿಡಿಸಿ ಅಂಗೈಯಲ್ಲಿ ಇಷ್ಟಲಿಂಗ ಇಟ್ಟರು. "ಬಲಗೈನ ನೀನು ತೊಡೆ ಮೇಲೆ ಇಡಪ್ಪ."

ಗುರುಮಲ್ಲಪ್ಪ ಅಣ್ಣನ ಬಲಗೈ ಹಿಡಿದ. ತಣ್ಣಗಿತ್ತು. ಬೆರಳುಗಳು ಅವನ ಬೆರಳುಗಳ ನಡುವೆ ಮೊದಲಿನಂತೆಯೇ ಹೊಂದಿಕೊಂಡವು. ಬೆಂಕಿ ಮುಟ್ಟಿದವನಂತೆ ಅದನ್ನು ತೊಡೆಯ ಮೇಲಿಟ್ಟು ಎದ್ದುಬಿಟ್ಟ. ಜಗಲಿಗೆ ಬಂದ, ಅಲ್ಲಿ ನಿಲ್ಲಲಾಗದೆ ಹಿತ್ತಲಿಗೆ ಹೋದ, ಹಂಡೆಯಿಂದ ನೀರು ಮೊಗೆದು, ಕುಡಿಯದೆ, ಚೆಲ್ಲಿ ಮತ್ತೆ ಜಗಲಿಗೆ ಬಂದ.

ಜಗಲಿಯ ತುಂಬ ಹೆಂಗಸರು. ಎಲ್ಲರೂ ಅಣ್ಣನ ನ್ಯಾಯಬೆಲೆ ಡಿಪೋದ ಗಿರಾಕಿಗಳು. ಅಂದು ಅಕ್ಕಿ ಬರುವ ದಿನವಾದ್ದರಿಂದ ಕೆಲವರ ಕಂಕುಳಲ್ಲಿ ಚೀಲಗಳೂ ಇದ್ದವು. ಎದುರು ಮನೆಯ ಅಂಬುಜಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳುತ್ತಿದ್ದಳು.

"ಹೋದ ವಾರ ನಾನೇ ಬಾಯಿ ಮಾಡ್ದೆ ಕಣ್ರೀ. ‘ಏನು ಅಪ್ಪಾಜಿ, ಅಕ್ಕಿಗಿಂತ ಕಲ್ಲೇ ಜಾಸ್ತಿ ಇದೆಯಲ್ಲ’ ಅಂದೆ. ‘ಕಲ್ಲಿಗೂ ಅದೇ ರೇಟು ಕಣಮ್ಮ, ಬೋರ್ಡಲ್ಲಿ ಬರ್ದಿದೆ ನೋಡ್ಕೋ’ ಅಂದ್ರು."

"ಮುಗ್ಗಲು ಅಕ್ಕೀನೂ ತಂದೇ ಕೊಟ್ರಲ್ಲ ಪುಣ್ಯಾತ್ಮರು," ಅಂದಳು ಇನ್ನೊಬ್ಬಳು. ಒಂದಿಬ್ಬರು ನಕ್ಕರು, ನಕ್ಕದ್ದಕ್ಕೆ ಮತ್ತೆ ಅತ್ತರು.

ಸರ್ವಮಂಗಳಮ್ಮ ಬಾಗಿಲಿಗೆ ಬಂದು ಮೈದುನನನ್ನು ಕಣ್ಣಲ್ಲೇ ಕರೆದಳು. ಅವಳ ಮುಖ ಒಣಗಿತ್ತು. "ಯಾವ ದಾರೀಲಿ ಕರ್ಕೊಂಡು ಹೋಗ್ತೀರಿ?"

"ಹಿಂಗೇ ರೈಲು ಹಳಿ ದಾಟ್ಕೊಂಡು. ರುದ್ರಭೂಮಿ ಹತ್ರ ಆಗ್ತದೆ ಅತ್ಗೆಮ್ಮ. ಬಿಸ್ಲು ಬೇರೆ."

"ಕಾಳಿನ ಬೀದಿ ಮೇಲೆ ಹೋಗ್ಬೇಕು."

ಎದ್ದಾಗಿನಿಂದ ಗುರುಮಲ್ಲಪ್ಪ ಯಾವ ಮಾತಿಗೆ ಹೆದರಿಕೊಂಡು ಒಳಗೂ ಹೊರಗೂ ಓಡಾಡುತ್ತಿದ್ದನೋ ಅದೇ ಮಾತು. ಸಂತೇಪೇಟೆಯ ಕಾಳಿನ ಬೀದಿಯಲ್ಲಿ ಒಂದು ಪದ್ಧತಿ ಉಂಟು. ಬೀದಿಯ ವರ್ತಕ ಸತ್ತು ಅವನ ಹೆಣ ಕೂರಿಸಿ ಹೊತ್ತ ವಿಮಾನ ಆ ದಾರಿಯಲ್ಲಿ ಬಂದರೆ, ಪ್ರತಿ ಅಂಗಡಿಯವನೂ ಜಗಲಿಯ ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿಯನ್ನು ಕೊಂಡಿಯಿಂದ ಇಳಿಸಿ, ತಟ್ಟೆಗಳನ್ನು ಕಲ್ಲಿನ ಮೇಲೆ ಬೋರಲು ಹಾಕಬೇಕು. ತೂಗಿದವನನ್ನು ಇನ್ನು ತೂಗುವವನು ಬೇರೆ ಎಂದು ಅದರ ಅರ್ಥ. ಆದರೆ ಬೀದಿಯ ಮಾತು ಮೀರಿ ಹೊರಗಾದವನಿಗೆ ಇಳಿಸುವುದಿಲ್ಲ. ವೃಷಭೇಂದ್ರಪ್ಪ ಹೊರಗಾಗಿ ಐದು ವರ್ಷವಾಗಿತ್ತು.

"ಅವ್ರು ಇಳಿಸ್ದೇ ಇದ್ರೆ, ಅತ್ಗೆಮ್ಮ? ಅಷ್ಟು ಜನದ ಮುಂದೆ?"

"ಇಳಿಸ್ದೇ ಇದ್ರೆ ಇಳಿಸ್ಲಿಲ್ಲ ಅಂತ ಅವ್ರೇ ನೋಡ್ಕೊಂಡು ಹೋಗ್ಲಿ. ಹೆಂಗೂ ಕೂತೇ ಹೋಗ್ತಾರಲ್ಲ." ಅವಳು ಒಳಗಿನ ಗೋಡೆಯತ್ತ ನೋಡಿದಳು. "ಸಂಜೆ ತಿರುಗಾಡ್ಕೊಂಡು ಬರ್ತೀನಿ ಅಂತ ಹೋಗೋರು. ಎಲ್ಲಿಗೆ ಅಂದ್ಕೊಂಡಿದ್ದೀರಿ? ಆ ಬೀದಿ ತುದೀಲಿ ನಿಂತ್ಕೊಂಡು, ತಕ್ಕಡಿ ಸದ್ದು ಕೇಳ್ಕೊಂಡು ಬರೋರು. ಒಳಗೆ ಕಾಲಿಡ್ತಿರ್ಲಿಲ್ಲ. ಇವತ್ತು ಇಡ್ಲಿ."

ಗುರುಮಲ್ಲಪ್ಪ ವಲ್ಲಿಯನ್ನು ಹೆಗಲಿಗೆ ಎಸೆದುಕೊಂಡು, "ಪುಟ್ಟಬಸಪ್ಪನೋರನ್ನ ಒಂದು ಮಾತು ಕೇಳ್ಕೊಂಡು ಬತ್ತೀನಿ," ಎಂದು ಮತ್ತೆ ಜಟಕಾ ಹತ್ತಿದ.

*

ಅವರ ಅಪ್ಪ ಕಪಿಲೆ ದಂಡೆಯ ಊರಿನಿಂದ ರಾಗಿಯ ಗಾಡಿ ಹೊಡೆದುಕೊಂಡು ಇದೇ ಬೀದಿಗೆ ಬರುತ್ತಿದ್ದ. ಮೂಟೆಗಳ ಮೇಲೆ ಅಣ್ಣ ತಮ್ಮ ಇಬ್ಬರೂ ಕೂತಿರುತ್ತಿದ್ದರು. ಗಾಡಿ ನಿಂತ ಕೂಡಲೆ ದಲ್ಲಾಳಿ ಬಂದು ಮೂಟೆಗೆ ಕೈ ಹಾಕಿ, ಹಿಡಿ ರಾಗಿ ತೆಗೆದು ಊದುವನು. ಅಂಗಡಿಯ ಸಾಹುಕಾರ ಗಾದಿಯಿಂದಿಳಿದು ಬರುವನು. ಇಬ್ಬರೂ ಕೈ ಕೈ ಹಿಡಿದುಕೊಂಡು ಮೇಲೆ ಒಂದು ವಲ್ಲಿ ಹೊದಿಸುವರು. ಆಮೇಲೆ ಮಾತಿಲ್ಲ. ವಲ್ಲಿಯ ಕೆಳಗೆ ಬೆರಳುಗಳು ಬೆರಳುಗಳನ್ನು ಒತ್ತುವವು: ಇಷ್ಟು ಬೆರಳಿಗೆ ಇಷ್ಟು, ಮುಷ್ಟಿಗೆ ಇಷ್ಟು. ಮೇಲೆ ಇಬ್ಬರ ಮುಖವೂ ಹಾಲಿನಂತೆ ನಿರ್ಮಲ. ಬಟ್ಟೆ ಅಲ್ಲಾಡುವುದು, ನಿಲ್ಲುವುದು, ಮತ್ತೆ ಅಲ್ಲಾಡುವುದು. ಅಪ್ಪ ಎತ್ತಿನ ಕೊರಳು ನೀವುತ್ತ, ಆ ಬಟ್ಟೆಯನ್ನೇ ನೋಡುತ್ತ ನಿಂತಿರುವನು. ವಲ್ಲಿ ತೆಗೆದ ಮೇಲೆ ದಲ್ಲಾಳಿ ಬಂದು ಒಂದು ಬೆಲೆ ಹೇಳುವನು. ಅಪ್ಪ ತಲೆ ಆಡಿಸುವನು.

ಹಿಂದಿರುಗುವ ದಾರಿಯಲ್ಲಿ ಒಮ್ಮೆ ವೃಷಭೇಂದ್ರ ಕೇಳಿದ್ದ. "ಅಪ್ಪಾ, ಆ ವಲ್ಲಿ ಒಳಗೆ ಏನಿತ್ತು?"

"ನಮ್ಮ ರಾಗಿ ಇತ್ತು ಕಣಪ್ಪ," ಅಂದಿದ್ದ ಅಪ್ಪ, ಎತ್ತಿನ ಬಾಲ ತಿರುವುತ್ತ.

ಮುಂದೆ ಇಬ್ಬರೂ ಅದೇ ಬೀದಿಯಲ್ಲಿ ಚಾಕರಿಗೆ ನಿಂತು, ಕೊನೆಗೆ ಸ್ವಂತ ಮಂಡಿ ಹಾಕಿದರು. ಗಾದಿ ಎರಡು, ತಕ್ಕಡಿ ಒಂದು. ಬೆರಳಿನ ವಿದ್ಯೆಯಲ್ಲಿ ವೃಷಭೇಂದ್ರಪ್ಪನನ್ನು ಮೀರಿಸಿದವರು ಇರಲಿಲ್ಲ. ಸರ್ಕಾರ ದವಸದ ಬೆಲೆಯ ಮೇಲಿನ ಕಂಟ್ರೋಲು ತೆಗೆದ ವರ್ಷ ಬೆಲೆ ಬಾಣದ ಹಾಗೆ ಏರಿದಾಗ, ರೆಪ್ಪೆ ಅಲ್ಲಾಡಿಸದೆ ಗಾಡಿಗಟ್ಟಲೆ ಕೊಂಡವನು ಅವನೇ. ಗಾಡಿಯ ಪಕ್ಕ ಎತ್ತಿನ ಕೊರಳು ನೀವುತ್ತ ನಿಂತವರ ಮುಖವನ್ನು ಮಾತ್ರ ಅವನು ನೋಡುತ್ತಿರಲಿಲ್ಲ.

*

ಕಾಳಿನ ಬೀದಿಯ ವರ್ತಕರ ಸಂಘದ ಅಧ್ಯಕ್ಷರಾದ ಪುಟ್ಟಬಸಪ್ಪನವರು ತಮ್ಮ ಮಂಡಿಯಲ್ಲಿ ಗಾದಿಯ ಮೇಲೆ ಕಾಲು ಚಾಚಿ ಕೂತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು.

"ಬಾರಪ್ಪ. ಹೋಗ್ಬುಟ್ನಂತಲ್ಲ." ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಬೆರಳಲ್ಲಿ ಅವ್ನಂಥೋನು ಈ ಬೀದೀಲಿ ಹುಟ್ಟಿಲ್ಲ, ಹುಟ್ಟೋದೂ ಇಲ್ಲ. ಕೈ ಹಿಡುದ್ರೆ ನಮ್ಮ ಹೊಟ್ಟೇಲಿರೋದನ್ನೆಲ್ಲ ಓದ್ಬುಡೋನು. ಅಂಥೋನಿಗೆ ಆ ಡಿಪೋ ಯಾಕೆ ಬೇಕಾಗಿತ್ತು ಹೇಳು. ಲಾರಿ ಯಾವಾಗ ಬತ್ತದೆ ಅಂತ ರಸ್ತೆ ಕಾಯ್ಕೊಂಡು!"

"ಅತ್ಗೆಮ್ಮ ಈ ಬೀದಿ ಮೇಲೆ ತರ್ಬೇಕು ಅಂತಾರೆ."

ಪುಟ್ಟಬಸಪ್ಪನವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು. ಹೊರಗೆ ಹಮಾಲಿಗಳ ಮುಖ್ಯಸ್ಥ ಮರಿಯಯ್ಯ ಗಾಡಿಯಿಂದ ಮೂಟೆ ಇಳಿಸಿಕೊಳ್ಳುತ್ತಿದ್ದವನು ಬೆನ್ನ ಮೇಲೆ ಮೂಟೆ ಹೊತ್ತೇ ಕಿವಿ ಕೊಟ್ಟು ನಿಂತ.

"ತರ್ಲಿ. ಬೀದಿ ಏನು ನಮ್ಮಪ್ಪಂದಾ?"

"ತಕ್ಕಡಿ..."

"ನೋಡಪ್ಪ ಗುರುಮಲ್ಲ. ಅವ್ನು ಹೋದ. ನೀನು ಇಲ್ಲೇ ಇರೋನು. ನಾಳೆ ನಿನ್ನ ಅಂಗಡಿ ಮುಂದೆ ಗಾಡಿ ನಿಲ್ಬೇಕು, ಹಮಾಲಿ ಕೈ ಹಾಕ್ಬೇಕು. ಬೀದಿ ಬೇಡ ಅಂದ್ರೆ ಏನಾಯ್ತದೆ ಅಂತ ನಿಮ್ಮನೇಲೇ ನೋಡಿದ್ದೀಯ." ಎಲೆಯನ್ನು ಕೆಳಗಿಟ್ಟರು. ಆಮೇಲೆ ಏನೋ ನೆನೆದವರಂತೆ ಕೈ ಚಾಚಿ ಗುರುಮಲ್ಲಪ್ಪನ ಕೈ ಹಿಡಿದು, ತಮ್ಮ ವಲ್ಲಿಯನ್ನು ಮೇಲೆ ಎಳೆದುಕೊಂಡರು. ವಲ್ಲಿಯ ಕೆಳಗೆ ನಾಲ್ಕು ಬೆರಳೂ ಸೇರಿ ಗಟ್ಟಿಯಾಗಿ ಒತ್ತಿದವು. ಪೂರಾ ಒಪ್ಪಿಗೆ.

"ಹೋಗು. ಹೂವಿನ ಗಾಡಿಗೆ ಹೇಳಿ ಕಳಿಸ್ತೀನಿ," ಎಂದು ವಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡರು.

ಜಟಕಾದಲ್ಲಿ ಗುರುಮಲ್ಲಪ್ಪ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಒಪ್ಪಿಗೆಯೇನೋ ಹೌದು. ಆದರೆ ಮೊದಲ ಒತ್ತು, ಚೌಕಾಶಿ ಶುರುಮಾಡುವ ಒತ್ತು, ಮಾತು ಮುಗಿಸುವುದಲ್ಲ. ಮೊದಲ ಒತ್ತಿಗೆ ಕಾಳಿನ ಬೀದಿಯಲ್ಲಿ ಎಷ್ಟು ಬೆಲೆ ಎಂಬುದು ಅವನಿಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು?

*

ಐದು ವರ್ಷದ ಹಿಂದೆ ಆಹಾರ ಇಲಾಖೆಯ ಅಧಿಕಾರಿಯೊಬ್ಬರು ಸಂಘದ ಹಜಾರದಲ್ಲಿ ಕೂತು ಕಾಫಿ ಕುಡಿದು ಹೇಳಿದ್ದರು: ದವಸದ ಸಗಟು ವ್ಯಾಪಾರವನ್ನೆಲ್ಲ ದಿಲ್ಲಿ ಸರ್ಕಾರವೇ ಕೈಗೆ ತೆಗೆದುಕೊಳ್ಳುವ ಮಾತು ನಡೆದಿದೆ. ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ಸರ್ಕಾರ ಗೊತ್ತು ಮಾಡುತ್ತದೆ, ಬೋರ್ಡಿನಲ್ಲಿ ಬರೆದು ಹಾಕುತ್ತದೆ. ವರ್ತಕರು ಕಮಿಷನ್ ತೆಗೆದುಕೊಂಡು ಸರ್ಕಾರದ ಪರವಾಗಿ ಕೊಳ್ಳಬಹುದು. ಬಲವಂತವಿಲ್ಲ, ಬೀದಿಯವರೇ ಮತ ಹಾಕಿ ಒಪ್ಪಿದರೆ ಇಲ್ಲಿಂದಲೇ ಶುರು.

ಎಲ್ಲರೂ ಅಧಿಕಾರಿಯನ್ನು ಹಾರ ಹಾಕಿ ಕಳಿಸಿದರು. ವೃಷಭೇಂದ್ರಪ್ಪ ಮಾತ್ರ ಆ ದಿನದಿಂದ ಗಾದಿಯ ಮೇಲೆ ಕೂರಲಿಲ್ಲ. ಒಪ್ಪಿಕೊಳ್ಳಿ ಎಂದು ಕೇಳುತ್ತ ಅಂಗಡಿಯಿಂದ ಅಂಗಡಿಗೆ ಹತ್ತಿ ಇಳಿದ. "ಬೋರ್ಡ್ ಮೇಲೆ ಬೆಲೆ ಇದ್ರೆ ಗಾಡಿಯೋನು ಓದ್ಕೊಂಡು ಬತ್ತಾನೆ. ಮನೇಲಿ ಹೆಂಡ್ತಿಗೆ ಹೇಳಿ ಬತ್ತಾನೆ, ಇಷ್ಟು ತತ್ತೀನಿ ಅಂತ," ಎಂದು ಕಂಡಕಂಡವರಿಗೆಲ್ಲ ಹೇಳಿದ. ಯಾರೂ ಎದುರು ಮಾತಾಡಲಿಲ್ಲ. ವೃಷಭೇಂದ್ರಪ್ಪನ ಎದುರು ಇಲ್ಲ ಅನ್ನುವ ಬಾಯಿ ಬೀದಿಯಲ್ಲಿ ಇರಲಿಲ್ಲ. ಎಲ್ಲರೂ ವಲ್ಲಿ ಹೊದಿಸಿ ನಾಲ್ಕು ಬೆರಳು ಒತ್ತಿದರು.

ಮತದ ಹಿಂದಿನ ದಿನ ಅಂಗಡಿಯಲ್ಲಿ ತಮ್ಮನ ಕೈಯನ್ನೂ ಹಿಡಿದ, ಹುಡುಗನ ಹಾಗೆ ನಗುತ್ತ. "ಬೀದಿಗೆ ಬೀದಿಯೇ ಒತ್ಬುಟ್ಟದೆ ಕಣೋ ಮಲ್ಲ. ನಿಂದೊಂದು ಬಾಕಿ."

ಗುರುಮಲ್ಲಪ್ಪನಿಗೆ ಆಗಲೇ ಹೇಳಬೇಕೆನ್ನಿಸಿತ್ತು. ಅಣ್ಣ, ಮೊದಲ ಒತ್ತು ವ್ಯಾಪಾರವಲ್ಲ, ಅದನ್ನು ನನಗೆ ಕಲಿಸಿದವನೇ ನೀನು. ಇಪ್ಪತ್ತು ವರ್ಷ ಯಾರ ಮೊದಲ ಒತ್ತನ್ನೂ ನಂಬದವನು ಇದನ್ನು ಹೇಗೆ ನಂಬಿದೆ? ಆದರೆ ಅಣ್ಣನ ನಗುಮುಖ ನೋಡಿ, ತಾನೂ ವಲ್ಲಿ ಎಳೆದು, ಗಟ್ಟಿಯಾಗಿ ಒತ್ತಿದ್ದ.

ಮರುದಿನ ಗೋಣಿತಟ್ಟಿನ ಮರೆಯಲ್ಲಿ ಒಂದು ಕೊಳಗ ಇಟ್ಟರು. ಒಪ್ಪುವವರು ಹೆಸರುಕಾಳು ಹಾಕಬೇಕು, ಒಲ್ಲದವರು ಉದ್ದಿನಕಾಳು. ಎಲ್ಲರೂ ಹಾಕಿ ಬಂದ ಮೇಲೆ ಪುಟ್ಟಬಸಪ್ಪನವರು ಕೊಳಗವನ್ನು ಮೊರದ ಮೇಲೆ ಸುರಿದರು. ಕಪ್ಪೋ ಕಪ್ಪು. ನಡುವೆ ಒಂದೇ ಒಂದು ಹಸಿರು.

"ಯಾವನೋ ಕತ್ಲಲ್ಲಿ ಕೈ ತಪ್ಪವ್ನೆ," ಎಂದು ಯಾರೋ ನಕ್ಕರು.

ವೃಷಭೇಂದ್ರಪ್ಪ ಎದ್ದು ಬಂದು ಆ ಹೆಸರುಕಾಳನ್ನು ಎರಡು ಬೆರಳಲ್ಲಿ ಹೆಕ್ಕಿದ. "ತಪ್ಪಿಲ್ಲ. ನಂದೇ," ಎಂದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದ. ಒಂದೇ ಕಾಳು ಅಂದರೆ ತಮ್ಮನದು ಯಾವ ಬಣ್ಣ ಎಂಬುದು ಹಜಾರದಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಅವನು ತಮ್ಮನ ಕಡೆ ನೋಡಲಿಲ್ಲ. ಆ ದಿನ ನೋಡಲಿಲ್ಲ, ಆಮೇಲೆ ಬೀದಿಯ ಮಾತು ಮೀರಿ ಸರ್ಕಾರದ ಡಿಪೋ ತೆಗೆದುಕೊಂಡಿದ್ದಕ್ಕೆ ಅವನ ಜೊತೆ ಕೊಡುವುದು ತರುವುದು ಕೂಡದೆಂದು ಬೀದಿ ಕಟ್ಟು ಮಾಡಿದಾಗಲೂ ಒಂದು ಮಾತು ಕೇಳಲಿಲ್ಲ. ತಮ್ಮ ಹಬ್ಬಕ್ಕೆ ಬಂದರೆ ಊಟ ಹಾಕಿಸಿ, ಎಲೆಯಡಿಕೆ ಕೊಟ್ಟು ಕಳಿಸುತ್ತಿದ್ದ. ಕೈ ಮಾತ್ರ ಮತ್ತೆ ಹಿಡಿಯಲಿಲ್ಲ.

*

"ಏನಂದ್ರು?" ಸರ್ವಮಂಗಳಮ್ಮ ಬಾಗಿಲಲ್ಲೇ ಕೇಳಿದಳು.

"ಬಾಯಲ್ಲಿ ಏನೂ ಅನ್ಲಿಲ್ಲ. ವಲ್ಲಿ ಹೊದಿಸಿ ಕೈ ಒತ್ತಿದ್ರು."

"ಇವ್ರಿಗೂ ಒತ್ತಿದ್ರು. ಎಲ್ರೂ ಒತ್ತಿದ್ರು," ಎಂದು ಒಳಗೆ ಹೋಗಿ ಗಂಡನ ಎದೆಯ ಕಟ್ಟು ಸಡಿಲವಾಗಿದೆಯೇ ಎಂದು ಮುಟ್ಟಿ ನೋಡಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ವಿಮಾನ ಎತ್ತಿದರು. ಬಿದಿರಿನ ಚೌಕಟ್ಟು, ನಾಲ್ಕು ಕಡೆ ಬಾಳೆಕಂದು, ನಡುವೆ ಚೆಂಡು ಹೂವಿನ ಹಾರದಲ್ಲಿ ವೃಷಭೇಂದ್ರಪ್ಪ ಗಾದಿಯ ಮೇಲೆ ಕೂತ ಹಾಗೆಯೇ ಕೂತಿದ್ದ. ಪುಟ್ಟಬಸಪ್ಪನವರ ಹೂವು ಬಂದಿತ್ತು, ಅವರು ಬಂದಿರಲಿಲ್ಲ. ಬೀದಿಯಿಂದ ಬಂದವನು ಮರಿಯಯ್ಯ ಒಬ್ಬನೇ.

"ನೀನು ಬಂದದ್ದು ಗೊತ್ತಾದ್ರೆ ಬಯ್ತಾರೆ ಕಣೋ ಮರಿಯಯ್ಯ," ಅಂದ ಗುರುಮಲ್ಲಪ್ಪ.

"ಬಯ್ಲಿ ಬುಡಿ ಬುದ್ದಿ. ಕೊಳಗದಾಗೆ ನಮ್ಮ ಕಾಳೇನು ಇರ್ನಿಲ್ವಲ್ಲ. ನಾವು ಎತ್ತೋರು, ಇಳ್ಸೋರು. ಇವತ್ತೂ ಎತ್ತೋಕೇ ಬಂದಿವ್ನಿ," ಎಂದು ಅವನು ಬಿದಿರಿಗೆ ಹೆಗಲು ಕೊಟ್ಟ.

ಶಂಖ, ಜಾಗಟೆ ಮುಂದೆ. ಹಿಂದೆ ಡಿಪೋದ ಹೆಂಗಸರು ದೊಡ್ಡ ರಸ್ತೆಯ ತನಕ ಬಂದು, ಅಲ್ಲಿ ನಿಂತು ಕೈ ಮುಗಿದರು. ಗುರುಮಲ್ಲಪ್ಪ ಮುಂದಿನ ಬಲಗಡೆಯ ಬಿದಿರಿಗೆ ಹೆಗಲು ಕೊಟ್ಟಿದ್ದ. ದಾರಿಯುದ್ದಕ್ಕೂ ಅವನ ಕಾಲು ತಾಳಕ್ಕೆ ಬೀಳಲಿಲ್ಲ. ಹಿಂದಿನವರು "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಲೇ ಇದ್ದರು. ಇಳಿಸಿರುತ್ತಾರೆ, ಹೂವು ಕಳಿಸಿದವರು ಇಳಿಸದೆ ಇರುತ್ತಾರೆಯೇ, ಎಂದುಕೊಳ್ಳುವನು. ಮರುಗಳಿಗೆಗೇ ಮೊರದ ಮೇಲಿನ ಕಪ್ಪು ಕಣ್ಣಿಗೆ ಬರುವುದು.

ಕಾಳಿನ ಬೀದಿಯ ತಿರುವಿನಲ್ಲಿ ಜಾಗಟೆಯವನು ಯಾಕೋ ಬಡಿತ ನಿಧಾನ ಮಾಡಿದ.

ಎರಡೂ ಸಾಲಿನಲ್ಲಿ ತಕ್ಕಡಿಗಳು ತೂಗುತ್ತಿದ್ದವು. ಒಂದೂ ಇಳಿದಿರಲಿಲ್ಲ.

ವರ್ತಕರು ಜಗಲಿಯಲ್ಲಿ ಎದ್ದು ನಿಂತು ಕೈ ಮುಗಿದಿದ್ದರು. ಕೈ ಮುಗಿಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಕಣ್ಣು ಮಾತ್ರ ಹೆಣದ ಮುಖದ ಮೇಲೆ ನಿಲ್ಲದೆ ಹೂವಿನ ಮೇಲೆ, ನೆಲದ ಮೇಲೆ ಜಾರುತ್ತಿತ್ತು. ಹೊತ್ತವರ ಹೆಜ್ಜೆಗೆ ವೃಷಭೇಂದ್ರಪ್ಪನ ತಲೆ ಅಷ್ಟಷ್ಟೇ ಅಲ್ಲಾಡುತ್ತ, ಪ್ರತಿ ಅಂಗಡಿಯ ಮುಂದೆಯೂ ಒಪ್ಪಿದೆ ಒಪ್ಪಿದೆ ಎನ್ನುವ ಹಾಗಿತ್ತು.

ಪುಟ್ಟಬಸಪ್ಪನವರ ಮಂಡಿ ಬಂತು. ತಕ್ಕಡಿ ತೊಲೆಯಲ್ಲೇ ಇತ್ತು. ತಟ್ಟೆಯಲ್ಲಿ ಅರ್ಧ ತೂಗಿದ ಹುರುಳಿ ಹಾಗೇ ಇತ್ತು. ಅವರು ಗುರುಮಲ್ಲಪ್ಪನನ್ನು ನೋಡಿ ‘ಏನು ಮಾಡಲಿ’ ಎನ್ನುವಂತೆ ರೆಪ್ಪೆ ಇಳಿಸಿದರು.

ಅದರ ಮುಂದಿನದೇ ಅಣ್ಣತಮ್ಮಂದಿರು ಹಾಕಿದ್ದ ಅಂಗಡಿ, ಈಗ ಗುರುಮಲ್ಲಪ್ಪನೊಬ್ಬನದು. ಸಾವಿನ ದಿನವೆಂದು ಬಾಗಿಲು ಹಾಕಿತ್ತು. ಆದರೆ ಹೊರಗೆ ಜಗಲಿಯ ತೊಲೆಗೆ ತಕ್ಕಡಿ ನೇತಾಡುತ್ತಿತ್ತು. ಬಾಗಿಲು ಹಾಕುವುದು ಮನೆಯ ಮಾತು. ತಕ್ಕಡಿ ಇಳಿಸುವುದು ಬೀದಿಯ ಮಾತು. ಬೆಳಿಗ್ಗೆ ಜಟಕಾ ಹತ್ತುವಾಗ, ಪುಟ್ಟಬಸಪ್ಪನವರ ಗಾದಿಯಿಂದ ಇಳಿಯುವಾಗ, ಎರಡು ಸಲ ಅವನು ಅದರ ಮುಂದೆಯೇ ಹಾದುಹೋಗಿದ್ದ. ಮೊದಲು ಅವರು ಇಳಿಸಲಿ ಎಂದು ಬಿಟ್ಟುಹೋಗಿದ್ದ.

"ನಿಲ್ಲಿ," ಅಂದ ಗುರುಮಲ್ಲಪ್ಪ.

"ಬೀದೀಲಿ ನಿಲ್ಲಿಸ್ಬಾರ್ದು ಕಣಪ್ಪ, ನಡೀ," ಅಂದರು ಅಯ್ಯನವರು.

"ನಿಲ್ಲಿ ಸ್ವಾಮಿ."

ಬಿದಿರನ್ನು ಪಕ್ಕದವನ ಹೆಗಲಿಗೆ ದಾಟಿಸಿ ಅವನು ಜಗಲಿ ಹತ್ತಿದ. ಕಬ್ಬಿಣದ ದಂಡಿಗೆ ಕೈ ಹಾಕಿ ಎತ್ತಿದ. ಮೂಟೆಗಟ್ಟಲೆ ತೂಗುವ ತಕ್ಕಡಿ ಒಬ್ಬನ ಕೈಗೆ ಜಗ್ಗಲಿಲ್ಲ. ಸರಪಳಿ ಝಣಝಣ ಅಂದಿತೇ ಹೊರತು ಕೊಂಡಿ ಬಿಡಲಿಲ್ಲ. ಮತ್ತೆ ಎತ್ತಿದ. ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗೆ ಇಳಿಯಿತು. ಎದುರು ಸಾಲಿನ ಯಾವ ಜಗಲಿಯಿಂದಲೂ ಯಾರೂ ಇಳಿದು ಬರಲಿಲ್ಲ.

"ತಾಳಿ ಬುದ್ದಿ. ಅದು ಅಂಗೆ ಬರಾಕಿಲ್ಲ," ಎಂದು ಮರಿಯಯ್ಯನೂ ಬಿದಿರು ದಾಟಿಸಿ ಬಂದು ದಂಡಿಯ ಕೆಳಗೆ ಬೆನ್ನು ಕೊಟ್ಟ. "ಈಗ ಬುಡಿಸ್ಕೊಳ್ಳಿ."

ಕೊಂಡಿ ಬಿಟ್ಟಿತು. ತಟ್ಟೆಗಳು ಕಲ್ಲಿಗೆ ತಾಗಿದ ಸದ್ದು ಬೀದಿಯ ಆ ತುದಿಯವರೆಗೂ ಹೋಯಿತು. ಗುರುಮಲ್ಲಪ್ಪ ಎರಡನ್ನೂ ಒಂದೊಂದಾಗಿ ಬೋರಲು ಹಾಕಿ, ನೆಟ್ಟಗೆ ನಿಂತ.

ಪುಟ್ಟಬಸಪ್ಪನವರು ಆಗಲೇ ತಮ್ಮ ಜಗಲಿ ಇಳಿದು ಬಂದಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಹತ್ತಿರ ಬಂದು, ಮೆಲ್ಲಗೆ ಬಲಗೈ ಮುಂದಕ್ಕೆ ಚಾಚಿ, ಅದರ ಮೇಲೆ ವಲ್ಲಿಯನ್ನು ಇಳಿಬಿಟ್ಟರು.

ಗುರುಮಲ್ಲಪ್ಪ ಆ ಬಟ್ಟೆಯನ್ನು ನೋಡಿದ. ಅದರ ಕೆಳಗೆ ಬೆರಳುಗಳು ಅಲ್ಲಾಡುತ್ತಿದ್ದವು. ಅವನ ಬಲಗೈ ಅಭ್ಯಾಸದಿಂದ ತೊಡೆಯಿಂದ ಅರ್ಧ ಎದ್ದಿತು, ಹಾಗೇ ನಿಂತಿತು. ಆಮೇಲೆ ಅವನು ಜಗಲಿ ಇಳಿದು, ವಿಮಾನದ ಕಡೆಗೆ ನಡೆದು, ಆ ಕೈಯಿಂದಲೇ ಬಿದಿರನ್ನು ಹಿಡಿದು ಹೆಗಲಿಗೆ ತೆಗೆದುಕೊಂಡ.

ಜಾಗಟೆ ಮತ್ತೆ ಶುರುವಾಯಿತು. ವೃಷಭೇಂದ್ರಪ್ಪ ತಲೆ ಆಡಿಸುತ್ತ ಮುಂದಕ್ಕೆ ಹೋದ. ಹಿಂದೆ, ತೂಗುವ ತಕ್ಕಡಿಗಳ ಸಾಲಿನ ನಡುವೆ ಒಂದು ಖಾಲಿ ಕೊಂಡಿ ಇನ್ನೂ ಅತ್ತಿಂದಿತ್ತ ಆಡುತ್ತಿತ್ತು. ಅದರ ಕೆಳಗೆ, ಎಲ್ಲರೂ ನೋಡುತ್ತಿದ್ದಂತೆ, ಪುಟ್ಟಬಸಪ್ಪನವರು ವಲ್ಲಿ ಹೊದ್ದ ಕೈಯನ್ನು ಚಾಚಿಕೊಂಡೇ ನಿಂತಿದ್ದರು.